ಗೋಡೆಯ ಮೇಲಿನ ಶಬ್ದಮಾಪಕರಿಗೆ ಬೇಸ್ ಗಿಟಾರಿನವನ ಅಹವಾಲು

ಇವರಿಗೆ,
ಶ್ರೀಯುತ ಶಬ್ದಮಾಪಕ ಪೆಟ್ಟಿಗೆಯವರು,
ವೇದಿಕೆಯ ಎಡಗೋಡೆ, ಫ್ಯಾನಿನ ಸ್ವಿಚ್ಚುಗಳಿಂದ ಎರಡು ಗೇಣು ಮೇಲೆ,
ಸಮಾರಂಭಗಳ ಸಭಾಂಗಣ.

ಮಾನ್ಯರೇ,

ಹಸಿರು, ಹಳದಿ, ಕೆಂಪು ಎಂಬ ಮೂರು ದೀಪಗಳಿಂದ ಶೋಭಿಸುತ್ತಿರುವ ತಮ್ಮ ಸನ್ನಿಧಿಗೆ, ಆ ಮೂರರಲ್ಲಿ ಕೊನೆಯದನ್ನೇ ಹೆಚ್ಚು ಸಲ ಕಂಡ ಬಡಪಾಯಿ ಬೇಸ್ ಗಿಟಾರ್ ವಾದಕನೊಬ್ಬನು ಕೈಮುಗಿದು ಮಾಡಿಕೊಳ್ಳುವ ಅರಿಕೆ ಏನೆಂದರೆ, ನಾನು ಇಲ್ಲಿ ಕ್ಷೇಮ. ತಾವೂ, ತಮ್ಮ ಪಕ್ಕದಲ್ಲಿ ನೇತಾಡುವ ಪುಟಾಣಿ ಮೈಕೂ, ಧೂಳಿನ ಬಾಧೆಯಿಲ್ಲದೆ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಈ ಪತ್ರವನ್ನು ಎಲ್ಲರಿಗೂ ಕಾಣುವಂತೆ ಬರೆಯುತ್ತಿರುವುದಕ್ಕೆ ಮನ್ನಿಸಬೇಕು. ನೇರವಾಗಿ ಬಂದು ಹೇಳೋಣವೆಂದರೆ, ನಾನು ದನಿ ಎತ್ತಿದರೆ ತಾವು ಏನು ಮಾಡುತ್ತೀರೆಂಬುದು ನನಗೆ ಗೊತ್ತು.

ತಮ್ಮ ಪರಿಚಯದ ಭಾಗ್ಯವಿಲ್ಲದ ಓದುಗರಿಗಾಗಿ ಎರಡು ಮಾತು. ಸಭಾಂಗಣದ ಸದ್ದು ಮಿತಿಯೊಳಗಿದ್ದಷ್ಟು ಹೊತ್ತು ತಾವು ಹಸಿರಾಗಿರುತ್ತೀರಿ, ಮಿತಿ ಮುಟ್ಟಿದರೆ ಹಳದಿಯಾಗುತ್ತೀರಿ, ಮಿತಿ ಮೀರಿ ಐದು ಸೆಕೆಂಡು ಕಳೆಯಿತೋ, ಕೆಂಪಾಗಿ ವೇದಿಕೆಯ ಕರೆಂಟನ್ನು ಟಪ್ಪೆಂದು ಕತ್ತರಿಸಿಬಿಡುತ್ತೀರಿ. ಅಕ್ಕಪಕ್ಕದ ಮನೆಯವರ ನೆಮ್ಮದಿಗಾಗಿ ತಮ್ಮನ್ನು ನೇಮಿಸಿದ್ದಾರಂತೆ. ಆ ನೆಮ್ಮದಿಯ ಬಗ್ಗೆ ನನ್ನ ತಕರಾರಿಲ್ಲ. ತಮ್ಮಷ್ಟು ನಿಷ್ಪಕ್ಷಪಾತಿಯಾದ ಅಧಿಕಾರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಗಾಯಕಿಯ ಬಾಯಿ ತೆರೆದಿದ್ದರೆ ತೆರೆದಂತೆಯೇ, ಭಾಷಣಕಾರರ ಕೈ ಮೇಲೆದ್ದಿದ್ದರೆ ಎದ್ದಂತೆಯೇ. ತಮಗೆ ಯಾರ ಮುಖವೂ ದೊಡ್ಡದಲ್ಲ. ಆಮೇಲೆ ಸಭಾಂಗಣದ ಮೇಲ್ವಿಚಾರಕರು ಕೈಯಲ್ಲಿದ್ದ ಟೀ ಮುಗಿಸಿ, ಬೀಗದಕೈ ಹುಡುಕಿ, ಸ್ಟೂಲು ತಂದು, ಅದರ ಮೇಲೆ ಹತ್ತಿ ತಮ್ಮನ್ನು ಸಮಾಧಾನಪಡಿಸುವವರೆಗೆ ನಾವು ನಾಲ್ಕು ಜನ ವಾದ್ಯ ಹಿಡಿದು ನಗುತ್ತಾ ನಿಂತಿರಬೇಕು. ಟೀ ಬಿಸಿಯಾಗಿದ್ದರೆ ಹತ್ತು ನಿಮಿಷ.

ಇನ್ನು ನನ್ನ ವಿಚಾರ. ವೇದಿಕೆಯಲ್ಲಿ ಎಲ್ಲರಿಗೂ ಒಂದೊಂದು ಜಾಗವಿರುತ್ತದೆ, ಬೇಸ್ ವಾದಕನಿಗೆ ಉಳಿದ ಜಾಗವಿರುತ್ತದೆ. ನಡುವೆ ಗಾಯಕಿ, ಬಲಗಡೆ ಕೀಬೋರ್ಡ್ ನುಡಿಸುವ ನಮ್ಮ ತಂಡದ ನಾಯಕರು, ಹಿಂದೆ ಅರ್ಧ ವೇದಿಕೆ ನುಂಗಿದ ಡ್ರಮ್ಸು. ಉಳಿದದ್ದು ಎಡಮೂಲೆ, ಅಂದರೆ ತಮ್ಮ ಪಾದಮೂಲ. ಮೂವತ್ತೆರಡು ಕಿಲೋ ತೂಗುವ ಸ್ಪೀಕರ್ ಪೆಟ್ಟಿಗೆಯನ್ನು ಇಪ್ಪತ್ತೆರಡು ಮೆಟ್ಟಿಲು ಹತ್ತಿಸಿ ತಂದು ನಾನು ಇಡುವುದು ತಮ್ಮ ಮೈಕಿನ ನೇರ ಕೆಳಗೆ. ಬೇಸಿನಂಥ ದಪ್ಪ ಸದ್ದು ಮೂಲೆ ಸಿಕ್ಕಿದರೆ ಅಲ್ಲೇ ಗುಂಪುಕಟ್ಟಿ ದುಪ್ಪಟ್ಟಾಗುತ್ತದೆಂಬುದು ನಮ್ಮ ಕಸುಬಿನವರಿಗೆಲ್ಲ ಗೊತ್ತು. ಗೊತ್ತಿದ್ದೂ ಗೊತ್ತಿದ್ದೂ ಎಲ್ಲ ಕಡೆಯೂ ನಮ್ಮನ್ನು ಮೂಲೆಗೇ ತಳ್ಳುತ್ತಾರೆ, ನಾವೂ ಹೋಗಿ ನಿಲ್ಲುತ್ತೇವೆ. ಹೀಗಾಗಿ ಜನರಿಗೆ ಕೇಳಿಸದ ನಾನು ತಮಗೆ ಮಾತ್ರ ಕಿವಿಗಡಚಿಕ್ಕುವಂತೆ ಕೇಳಿಸುತ್ತೇನೆ.

ಇದನ್ನು ದೂರು ಎನ್ನಲೋ, ಉಪಕಾರ ಎನ್ನಲೋ ತಿಳಿಯದು. ಹದಿನೆಂಟು ವರ್ಷಗಳಲ್ಲಿ ನನ್ನ ವಾದನವನ್ನು ಮೊದಲ ಸ್ವರದಿಂದ ಕೊನೆಯ ಸ್ವರದವರೆಗೆ ಗಮನವಿಟ್ಟು ಕೇಳಿದವರು ತಾವೊಬ್ಬರೇ. ಕಾರ್ಯಕ್ರಮ ಮುಗಿದ ಮೇಲೆ ಜನ ಬಂದು ಗಾಯಕಿಗೆ ‘ಎಷ್ಟು ಚೆನ್ನಾಗಿ ಹಾಡ್ತೀರಮ್ಮ’ ಎನ್ನುತ್ತಾರೆ, ಡ್ರಮ್ಸಿನವನ ಬೆನ್ನು ತಟ್ಟುತ್ತಾರೆ, ನನ್ನ ಬಳಿ ಬಂದು ‘ಸ್ವಲ್ಪ ಆ ಕಡೆ ಹಿಡ್ಕೊಳ್ತೀರಾ, ಟೇಬಲ್ ಎತ್ತಬೇಕು’ ಎನ್ನುತ್ತಾರೆ. ನಾನು ಹಿಡಿದುಕೊಳ್ಳುತ್ತೇನೆ.

ಆದರೆ ಈ ವರ್ಷ ತಾವು ಸಮಾರಂಭಗಳ ಒಂದೇ ಸೀಸನ್ನಿನಲ್ಲಿ ಮೂರು ಸಲ ಕೆಂಪಾದಿರಿ, ಮೂರೂ ಸಲ ಎಲ್ಲರ ಕಣ್ಣೂ ಎಡಮೂಲೆಗೆ ತಿರುಗಿತು. ಮೂರನೆಯ ಸಲ, ಒಂದು ದಂಪತಿಯ ವಿವಾಹ ವಾರ್ಷಿಕೋತ್ಸವದಲ್ಲಿ ಅವರು ಕೈಹಿಡಿದು ಕುಣಿಯಲು ಎದ್ದ ಗಳಿಗೆಯಲ್ಲೇ ಕರೆಂಟು ಹೋಗಿ, ಅವರು ಮೌನದಲ್ಲೇ ಒಂದು ಸುತ್ತು ಹಾಕಿ ಕುಳಿತುಕೊಳ್ಳಬೇಕಾಯಿತು. ಮರುದಿನ ನಾಯಕರು ನನ್ನನ್ನು ಕರೆದು, ‘ನೋಡಪ್ಪಾ, ಇನ್ನೊಂದು ಸಲ ಕರೆಂಟು ಹೋದ್ರೆ ಬೇಸು ಮನೇಲಿರ್ಲಿ. ಆ ಕೆಳಗಿನ ಸ್ವರ ನಾನೇ ನುಡಿಸ್ಕೋತೀನಿ, ನನ್ನ ಎಡಗೈ ಹೇಗೂ ಖಾಲಿ ಇರುತ್ತೆ’ ಎಂದರು. ಹದಿನೆಂಟು ವರ್ಷಗಳ ನನ್ನ ಅನ್ನವೂ ಆನಂದವೂ ಒಬ್ಬ ಮನುಷ್ಯನ ಎಡಗೈಯಲ್ಲಿ ಹಿಡಿಸುತ್ತದೆಂದು ಕೇಳಿ ನನಗೆ ನಿಜಕ್ಕೂ ಅಳು ಬಂತು. ಅದನ್ನು ತಮ್ಮ ಮುಂದೆ ಹೇಳಿಕೊಳ್ಳಲು ನಾಚಿಕೆಯಿಲ್ಲ, ನಾನು ಸದ್ದು ಮಾಡದೆ ಅತ್ತೆ.

ಇದಕ್ಕೆ ಸರಿಯಾಗಿ, ತಮ್ಮ ಸಭಾಂಗಣದಲ್ಲಿ ನಮ್ಮ ಮುಂದಿನ ಕಾರ್ಯಕ್ರಮ ಬೇರೆ ಯಾರದ್ದೂ ಅಲ್ಲ, ನನ್ನ ಹೆಂಡತಿಯ ತಾಯಿಯವರದ್ದೇ ಆಗಿತ್ತು. ದೊಡ್ಡಾಸ್ಪತ್ರೆಯ ಮುಖ್ಯ ದಾದಿಯಾಗಿ ಮೂವತ್ತಾರು ವರ್ಷ ದುಡಿದು ನಿವೃತ್ತರಾಗುತ್ತಿದ್ದ ಅವರಿಗೆ ಸಹೋದ್ಯೋಗಿಗಳು ಶನಿವಾರ ಸಂಜೆ ನಾಲ್ಕಕ್ಕೆ ಬೀಳ್ಕೊಡುಗೆ ಏರ್ಪಡಿಸಿದ್ದರು. ನಮ್ಮ ಜೊತೆಯಲ್ಲೇ ಇರುವ ಅತ್ತೆಯವರು ಒಳ್ಳೆಯವರು. ಆದರೆ ಇಷ್ಟು ವರ್ಷವೂ ನೆಂಟರ ಮುಂದೆ ‘ಅಳಿಯಂದ್ರು ಬ್ಯಾಂಡಲ್ಲಿದ್ದಾರೆ’ ಎಂದಷ್ಟೇ ಹೇಳಿ, ಯಾರಾದರೂ ಏನು ನುಡಿಸುತ್ತಾರೆಂದು ಕೇಳುವ ಮೊದಲೇ ಮಗಳ ಗ್ರಂಥಾಲಯದ ಕೆಲಸಕ್ಕೆ ಮಾತು ಹೊರಳಿಸುತ್ತಿದ್ದರು. ತಪ್ಪು ಅವರದ್ದಲ್ಲ, ಅವರಿಗೆ ನಾನು ಏನು ನುಡಿಸುತ್ತೇನೆಂದು ನಿಜವಾಗಿಯೂ ಗೊತ್ತಿರಲಿಲ್ಲ.

ಮಾನ್ಯರೇ, ತಮ್ಮನ್ನು ಪ್ರಸನ್ನಗೊಳಿಸಲು ನಾನು ಪಟ್ಟ ಪಾಡನ್ನು ತಾವು ಕೇಳಲೇಬೇಕು. ಪೆಟ್ಟಿಗೆಯನ್ನು ನೆಲದಿಂದ ಎತ್ತರಿಸು ಎಂದು ಡ್ರಮ್ಸಿನವನು ಹೇಳಿದನೆಂದು ಪ್ಲಾಸ್ಟಿಕ್ ಕುರ್ಚಿಯ ಮೇಲಿಟ್ಟೆ; ಅಭ್ಯಾಸದ ಎರಡನೆಯ ಹಾಡಿಗೆ ಕುರ್ಚಿ ನಾಲ್ಕೂ ಕಾಲು ಚಾಚಿ ಮಲಗಿತು. ಗಿಟಾರಿನ ತಂತಿ ಮಾರುವ ಅಂಗಡಿಯ ಯಜಮಾನರು ‘ನಾಲ್ಕು ತಂತಿ ಇದೆ ಅಂತ ನಾಲ್ಕನ್ನೂ ನುಡಿಸ್ಲೇಬೇಕಾ?’ ಎಂದು ಬೈದು, ತಂತಿಗಳು ಕೊನೆಯಾಗುವ ಕಡೆ ಅವುಗಳಡಿಗೆ ಒಂದು ತುಂಡು ಸ್ಪಂಜು ತುರುಕಲು ಹೇಳಿದರು. ಪಾತ್ರೆ ತೊಳೆಯುವ ಸ್ಪಂಜು ಅಡುಗೆಮನೆಯಿಂದ ಕಾಣೆಯಾಗಿ, ಹೆಂಡತಿ ಮನೆಯೆಲ್ಲ ಹುಡುಕಿ, ಕೊನೆಗೆ ಗಿಟಾರಿನಲ್ಲಿ ಅದನ್ನು ಕಂಡು, ಹೊಸದನ್ನು ತಂದಳು. ಸ್ಪಂಜು ತಾಕಿದ ತಂತಿಯಲ್ಲಿ ಸ್ವರ ಬೇಗ ಅಡಗಿದಾಗಲೇ ನನಗೆ ನನ್ನ ತಪ್ಪು ತಿಳಿದದ್ದು. ಬೇಸಿನಲ್ಲಿ ಸ್ವರ ಹೊರಡಿಸುವುದು ಸುಲಭ, ಅದನ್ನು ನಿಲ್ಲಿಸುವುದೇ ಕಷ್ಟ. ನಾನು ಹದಿನೆಂಟು ವರ್ಷ ಹೊರಡಿಸುತ್ತಲೇ ಇದ್ದೆ, ನಿಲ್ಲಿಸುವುದನ್ನು ಮರೆತಿದ್ದೆ. ಹಳೆಯ ಸ್ವರದ ಮೈಮೇಲೆ ಹೊಸ ಸ್ವರ ಬಿದ್ದು ಎರಡೂ ಸೇರಿ ತಮ್ಮ ಕಿವಿಗೆ ನುಗ್ಗುತ್ತಿದ್ದವು. ಇದನ್ನು ಹೇಳಿಕೊಡಲು ನನಗೆ ಗುರುಗಳಿರಲಿಲ್ಲ, ತಾವಿದ್ದಿರಿ.

ಒಂದು ಬೆಳಿಗ್ಗೆ ನಾನು ಸ್ವರ ನಿಲ್ಲಿಸಲು ಎಡಗೈಯಿಂದ ತಂತಿ ತಡೆಯುವುದನ್ನು ಅಭ್ಯಾಸ ಮಾಡುತ್ತಿದ್ದಾಗ ಅತ್ತೆ ಬಂದು, ಸ್ಪಂಜು ನೋಡಿ, ‘ಇದಕ್ಕೇನಾಯ್ತು, ಬ್ಯಾಂಡೇಜ್ ಹಾಕಿದ್ದೀರಿ?’ ಎಂದು ಕೇಳಿದರು. ನಾನು ನಾಯಕರ ಎಡಗೈಯ ಕಥೆಯನ್ನೆಲ್ಲ ಹೇಳಿಬಿಟ್ಟೆ. ಅವರು ಸ್ಟೂಲು ಎಳೆದುಕೊಂಡು ಕುಳಿತು, ಸ್ಪೀಕರ್ ಪೆಟ್ಟಿಗೆಯ ಮೇಲೆ ಎರಡು ಬೆರಳಿಟ್ಟು, ಕೈಗಡಿಯಾರ ನೋಡುತ್ತಾ ‘ಹೂಂ, ನುಡಿಸಿ’ ಎಂದರು. ಒಂದು ನಿಮಿಷದ ಮೇಲೆ ‘ಎಂಬತ್ತೆರಡು’ ಎಂದರು. ಇನ್ನೊಂದು ನಿಮಿಷಕ್ಕೆ ಹುಬ್ಬು ಗಂಟಿಕ್ಕಿ, ‘ತೊಂಬತ್ತೊಂದಾಯ್ತಲ್ಲ, ಯಾಕೆ ಓಡ್ತಿದ್ದೀರಿ? ಗಾಬರಿನಾ?’ ಎಂದರು. ಈ ಕಸುಬಿನಲ್ಲಿ ಯಾರೂ ನನಗೆ ಅಷ್ಟು ನೆಟ್ಟಗಿನ ಮಾತು ಹೇಳಿರಲಿಲ್ಲ. ಆಮೇಲೆ ದಿನವೂ ಬೆಳಿಗ್ಗೆ ಅವರು ಬಂದು ನನ್ನ ಪೆಟ್ಟಿಗೆಯ ನಾಡಿ ಹಿಡಿದರು, ನಾನು ಓಡುವುದನ್ನು ಬಿಟ್ಟೆ.

ಶನಿವಾರ ಬಂತು. ತಾವು ಮೊದಲ ಹಾಡಿನಿಂದ ಒಂಬತ್ತನೆಯ ಹಾಡಿನವರೆಗೆ ಹಸಿರಾಗಿಯೇ ಇದ್ದಿರಿ; ಹಳದಿಯನ್ನೂ ತೋರಿಸಲಿಲ್ಲ. ನಾನು ಗಾಯಕಿಯ ಬೆನ್ನು ನೋಡುವುದನ್ನು ಬಿಟ್ಟು ತಮ್ಮ ಮುಖವನ್ನೇ ನೋಡುತ್ತಾ ನುಡಿಸಿದೆ. ಹತ್ತನೆಯ ಹಾಡಿನಲ್ಲಿ, ಬೇಸಿನವರ ಮನೆಯ ಕಾರ್ಯಕ್ರಮ ಅಲ್ಲವೇ ಎಂದು ಗಾಯಕಿ ಹಟ ಮಾಡಿದ್ದರಿಂದ, ನಾಯಕರು ನನಗೊಬ್ಬನಿಗೇ ತಾಳದ ಹದಿನಾರು ಸುತ್ತಿನಷ್ಟು ಜಾಗ ಬಿಟ್ಟಿದ್ದರು. ಉಳಿದವರೆಲ್ಲ ಕೈ ಇಳಿಸಿದರು. ನಾನು ಎಷ್ಟು ಬೇಕೋ ಅಷ್ಟೇ ನುಡಿಸಿದೆ, ಪ್ರತಿ ಸ್ವರವನ್ನೂ ಅದರ ಹೊತ್ತಿಗೆ ನಿಲ್ಲಿಸಿದೆ, ಮತ್ತು ಸ್ವಾಮೀ, ಜಂಬ ಎಂದುಕೊಂಡರೂ ಚಿಂತೆಯಿಲ್ಲ, ಬಹಳ ಚೆನ್ನಾಗಿ ನುಡಿಸಿದೆ. ಇಡೀ ಆಸ್ಪತ್ರೆಯ ದಾದಿಯರು ಕುರ್ಚಿ ಬಿಟ್ಟೆದ್ದು ಚಪ್ಪಾಳೆ ತಟ್ಟಿದರು. ಗಾಯಕಿ ಮೈಕು ಹಿಡಿದು, ಹದಿನೆಂಟು ವರ್ಷಗಳಲ್ಲಿ ಮೊದಲ ಬಾರಿಗೆ, ‘ಬೇಸ್ ಗಿಟಾರಿನಲ್ಲಿ ನಮ್ಮ ಪ್ರೀತಿಯ’ ಎಂದರು, ತಾವು ಟಪ್ಪೆಂದಿರಿ.

ನನ್ನ ಹೆಸರು ಅವರ ತುಟಿಯ ಮೇಲೆ ಆಕಾರವಾಗಿ ಮಾತ್ರ ಬಂದು ಹೋಯಿತು. ಚಪ್ಪಾಳೆ ನಿಂತಿತು. ನಾಯಕರು ಕೀಬೋರ್ಡಿನಿಂದ ಎಡಗೈಯನ್ನು ನಿಧಾನಕ್ಕೆ ಎತ್ತಿ, ಅದರ ಐದು ಬೆರಳನ್ನೂ ನೋಡಿಕೊಂಡರು. ಮಾನ್ಯರೇ, ಆ ಕ್ಷಣದಲ್ಲಿ ನಾನು ತಮಗೆ ಮನಸ್ಸಿನಲ್ಲಿ ಏನೆಂದೆನೋ ಅದನ್ನು ಈ ಗೌರವಾನ್ವಿತ ಪತ್ರದಲ್ಲಿ ಬರೆಯಲಾರೆ. ಮೂರನೆಯ ಸಾಲಿನಲ್ಲಿ ಯಾರೋ ‘ಯಾರಂತೆ? ಯಾರು ಅವರು?’ ಎಂದು ಕೇಳಿದ್ದು ಇಡೀ ಸಭಾಂಗಣಕ್ಕೆ ಕೇಳಿಸಿತು.

ಆಗ ಮೊದಲ ಸಾಲಿನಲ್ಲಿ ಮಡಿಲ ತುಂಬ ಹೂಗುಚ್ಛ ಇಟ್ಟುಕೊಂಡು ಕುಳಿತಿದ್ದ ಅತ್ತೆ ಎದ್ದು ನಿಂತು ಹಿಂದಕ್ಕೆ ತಿರುಗಿದರು. ಅರವತ್ತು ಹಾಸಿಗೆಯ ವಾರ್ಡನ್ನು ಒಂದೇ ಮಾತಿಗೆ ಸುಮ್ಮನಾಗಿಸುತ್ತಿದ್ದ ಧ್ವನಿಯಲ್ಲಿ, ‘ನಮ್ಮ ಅಳಿಯ ಕಣ್ರೀ!’ ಎಂದರು. ‘ಕೆಳಗಡೆ ದಪ್ಪಗೆ ಕೇಳಿಸ್ತಿತ್ತಲ್ಲ, ಅದೆಲ್ಲಾ ಅವರದ್ದೇ. ಒಂದ್ಸಲಾನೂ ಓಡ್ಲಿಲ್ಲ ನೋಡಿ!’ ಆ ಮಾತು ಹಿಂದಿನ ಗೋಡೆಗೆ ಬಡಿದು ಎಡಮೂಲೆಗೆ ವಾಪಸು ಬಂತು. ಅದನ್ನು ಅಳೆಯುವಷ್ಟು ಉಸಿರು ತಮ್ಮಲ್ಲಿ ಆಗ ಇರಲಿಲ್ಲವೆಂಬುದು ನನ್ನ ಒಂದೇ ಕೊರಗು.

ಟೀ ಮುಗಿಸಿ ಬಂದ ಮೇಲ್ವಿಚಾರಕರು ಸ್ಟೂಲಿನ ಮೇಲಿಂದಲೇ ‘ನುಡಿಸಿದ್ದಕ್ಕಲ್ಲ ಸಾರ್, ಜನ ಚಪ್ಪಾಳೆ ಹೊಡೆದಿದ್ದಕ್ಕೆ ಹೋಗಿದ್ದು. ಇಷ್ಟು ವರ್ಷದಲ್ಲಿ ಇದೇ ಮೊದ್ಲು’ ಎಂದು ತೀರ್ಪು ಕೊಟ್ಟರು. ನಾಯಕರು ಎಡಗೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿ, ‘ಆಯ್ತು, ನೀನೇ ಇರಪ್ಪಾ. ಆದ್ರೆ ಇನ್ಮೇಲೆ ಒಬ್ಬನೇ ನುಡಿಸೋದು ಬೇಡ. ಚೆನ್ನಾಗಿ ನುಡಿಸಿದ್ರೂ ಕಷ್ಟ ನಿಂದು’ ಎಂದರು.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆಯಿಷ್ಟು. ತಮ್ಮ ಹೊಟ್ಟೆಯಲ್ಲಿ ಉಳಿದುಹೋದ ನನ್ನ ಹೆಸರನ್ನು, ಯಾರೂ ಇಲ್ಲದ ಹೊತ್ತಿನಲ್ಲಾದರೂ ಸರಿ, ಒಮ್ಮೆ ಸಭಾಂಗಣಕ್ಕೆ ಕೇಳುವಂತೆ ಹೊರಗೆ ಬಿಡಬೇಕು. ಇನ್ನು ಮುಂದೆ ಕೆಂಪಾಗುವ ಮೊದಲು ಒಮ್ಮೆ ಕೆಮ್ಮಬೇಕು. ಸಾಧ್ಯವಾದರೆ ನಾಲ್ಕನೆಯ ದೀಪವೊಂದನ್ನು, ನೀಲಿಯಾದರೆ ನನಗೆ ಸಂತೋಷ, ಹಾಕಿಸಿಕೊಂಡು, ಬೇಸು ಚೆನ್ನಾಗಿದ್ದಾಗ ಅದನ್ನು ಬೆಳಗಿಸಬೇಕು. ಇದಕ್ಕೆ ಮೇಲಿನವರ ಅನುಮತಿ ಬೇಕಾದರೆ ಅರ್ಜಿಯನ್ನು ನಾನೇ ಬರೆದು, ಸ್ಟೂಲನ್ನೂ ನಾನೇ ಹಿಡಿದುಕೊಳ್ಳುತ್ತೇನೆ.

ಕೆಂಪಿನಲ್ಲೂ ಹಸಿರಿನಲ್ಲೂ ತಮ್ಮ ವಿಶ್ವಾಸಿ,
ಎಡಮೂಲೆಯ ಬೇಸ್ ವಾದಕ

ವಿ.ಸೂ.: ಮುಂದಿನ ತಿಂಗಳ ಎರಡನೆಯ ಶನಿವಾರ ಅತ್ತೆಯವರ ಗೆಳತಿಯೊಬ್ಬರ ನಿವೃತ್ತಿ ಸಮಾರಂಭ, ಅದೇ ಸಭಾಂಗಣ, ಅದೇ ನಾಲ್ಕು ಗಂಟೆ. ನಮ್ಮ ತಂಡವೇ ಬರಬೇಕೆಂದು ಅತ್ತೆ ಹಿಡಿದ ಪಟ್ಟು ಬಿಡದೆ ಗೊತ್ತುಮಾಡಿಸಿದ್ದಾರೆ, ನಾನು ಒಬ್ಬನೇ ನುಡಿಸುವ ಭಾಗ ಇರಲೇಬೇಕೆಂದು ನಾಯಕರಿಗೂ ಫೋನಿನಲ್ಲಿ ಆಜ್ಞೆಯಾಗಿದೆ. ಆ ದಿನ ಸರಿಯಾದ ಹೊತ್ತಿಗೆ ಕರೆಂಟು ತೆಗೆಯಲು ತಾವು ಮರೆತರೆ ಸಂಕೋಚಪಡಬೇಕಾಗಿಲ್ಲ. ಮೇನ್ ಸ್ವಿಚ್ಚು ಎಲ್ಲಿದೆಯೆಂದು ಅತ್ತೆ ಆಗಲೇ ಹೋಗಿ ನೋಡಿಕೊಂಡು ಬಂದಿದ್ದಾರೆ. ‘ನಮ್ಮ ಅಳಿಯ ಕಣ್ರೀ’ ಎಂಬ ಮಾತನ್ನು ಅವರು ಮೈಕಿಲ್ಲದೆ ಇನ್ನೊಂದು ಸಲ ಹೇಳಲೇಬೇಕಂತೆ.