ಯಾರನ್ನೂ ಕೇಳದೆ ವಿಳಾಸ ಹಂಚಿದ ಪೆಟ್ಟಿಗೆಯವರಿಗೆ

ಮಾನ್ಯರೇ,

ನಮ್ಮ ಕಚೇರಿಯ ಒಳಕೋಣೆಯಲ್ಲಿ, ಕಬ್ಬಿಣದ ಬೀರುವಿನ ನೆತ್ತಿಯ ಮೇಲೆ, ಹಳೆಯ ನಕ್ಷೆಗಳ ಸುರುಳಿಗಳ ನಡುವೆ ಎರಡೂ ಕೊಂಬುಗಳನ್ನು ಸೆಟೆಸಿಕೊಂಡು ವಿರಾಜಮಾನರಾಗಿದ್ದು, ಈಗ ಒಡತಿಯ ಮನೆಗೆ ಮರಳಿರುವ ಹಳೇ ವೈಫೈ ಪೆಟ್ಟಿಗೆಯವರಾದ ತಮಗೆ, ಕಟ್ಟಡಗಳ ನಕ್ಷೆ ಬರೆಯುವ ಈ ಪುಟ್ಟ ಕಚೇರಿಯ ಮೇಲ್ವಿಚಾರಕನ ಅನಂತ ನಮಸ್ಕಾರಗಳು. ತಾವು ಮಾಡಿದ ಉಪಕಾರ ಖಾಸಗಿಯಾಗಿ ತೀರಿಸುವಂಥದ್ದಲ್ಲವಾದ್ದರಿಂದ ಈ ಪತ್ರವನ್ನು ನೋಟೀಸು ಬೋರ್ಡಿಗೂ ಅಂಟಿಸುತ್ತಿದ್ದೇನೆ, ಮನ್ನಿಸಬೇಕು.

ಮೊದಲಿಗೆ ನನ್ನ ಪರಿಚಯ. ಹಿಂದೊಮ್ಮೆ ಸರ್ವರ್ ಎಂಬ ಯಂತ್ರದ ಮೇಲಿನ ಧೂಳು ಒರೆಸಿದ ಒಂದೇ ಒಂದು ಸಾಧನೆಗಾಗಿ ಇಲ್ಲಿ ಎಲ್ಲರೂ ನನ್ನನ್ನು ‘ಸರ್ವರ್ ಮಾಮ’ ಎನ್ನುತ್ತಾರೆ, ಅಂದಿನಿಂದ ಕಂಪ್ಯೂಟರು ಕೆಮ್ಮಿದರೂ ಸೀನಿದರೂ ನನ್ನ ಬಳಿಗೇ ಬರುತ್ತಾರೆ. ತಾವು ದಯಮಾಡಿಸುವ ಮೊದಲು ನಮ್ಮಲ್ಲಿ ಮುಂಬಾಗಿಲ ಪಕ್ಕದ ಕಪ್ಪು ರೂಟರು ಒಂದೇ ಎಲ್ಲವನ್ನೂ ನೋಡಿಕೊಳ್ಳುತ್ತಿತ್ತು. ಬೆಳಿಗ್ಗೆ ಎದ್ದ ಕಂಪ್ಯೂಟರು ತನಗೊಂದು ವಿಳಾಸ ಬೇಕೆಂದರೆ ನಂಬರು ಕೊಡುವುದು, ಹೊರಲೋಕದ ಬಾಗಿಲು ಎಲ್ಲಿದೆಯೆಂದು ತೋರಿಸುವುದು, ವೆಬ್‌ಸೈಟಿನ ಹೆಸರು ಹೇಳಿದರೆ ಅದರ ನಂಬರನ್ನು ಯಾರ ಬಳಿ ಕೇಳಬೇಕೆಂದು ತಿಳಿಸುವುದು ಅದರ ಕೆಲಸ. ಬಲ್ಲವರು ವಿಳಾಸ ಹಂಚುವುದಕ್ಕೆ ಡಿಎಚ್‌ಸಿಪಿ ಎಂದೂ ಹೆಸರಿಗೆ ನಂಬರು ಹುಡುಕುವುದಕ್ಕೆ ಡಿಎನ್‌ಎಸ್ ಎಂದೂ ಹೇಳುತ್ತಾರೆ. ನಾವು ಎಲ್ಲವನ್ನೂ ಸೇರಿಸಿ ‘ನೆಟ್ಟು’ ಎನ್ನುತ್ತೇವೆ.

ಆ ನೆಟ್ಟು ಹೋದ ವಾರವಿಡೀ ಆಡಿದ ಆಟವನ್ನು ಏನೆಂದು ಬಣ್ಣಿಸಲಿ! ಒಂದು ಕಂಪ್ಯೂಟರಿನಲ್ಲಿ ಬಂದರೆ ಪಕ್ಕದ್ದರಲ್ಲಿ ಇಲ್ಲ, ಬೆಳಿಗ್ಗೆ ಇದ್ದದ್ದು ಊಟ ಮುಗಿಸಿ ಬರುವಷ್ಟರಲ್ಲಿ ಇಲ್ಲ. ನನಗೆ ಗೊತ್ತಿದ್ದ ಏಕೈಕ ಮದ್ದೆಂದರೆ ಆರಿಸಿ ಮತ್ತೆ ಹಚ್ಚುವುದು; ಅದನ್ನು ಶ್ರದ್ಧೆಯಿಂದ ಮಾಡಿದೆ, ಮಾಡಿದಷ್ಟೂ ಕೆಟ್ಟಿತು. “ಮಾಮ, ಅದೊಂದು ನಡೀತಿದೆ, ದಯವಿಟ್ಟು ಮುಟ್ಟಬೇಡಿ” ಎಂದು ಯಜಮಾನರು ಗೋಗರೆದರೂ ಅವರ ಕಂಪ್ಯೂಟರನ್ನೂ ಆರಿಸಿ ಹಚ್ಚಿದೆ, ಅದೂ ಹೋಯಿತು. ಹಳೆಯ ವಿಳಾಸ ಹಿಡಿದು ಹೇಗೋ ಬದುಕಿದ್ದ ಬಡಪಾಯಿಗಳನ್ನು ನಾನೇ ಎಬ್ಬಿಸಿ, ಹೊಸ ವಿಳಾಸಕ್ಕಾಗಿ ತಮ್ಮ ಬಾಯಿಗೆ ನೂಕುತ್ತಿದ್ದೆನೆಂದು ಆಗ ನನಗೇನು ಗೊತ್ತು! ಯಾರು ಮೊದಲು ಉತ್ತರಿಸಿದರೋ ಅವರ ಮಾತೇ ನಡೆಯುವ ಆ ಲೋಕದಲ್ಲಿ, ನಮ್ಮ ಮುದಿ ರೂಟರು ಗಂಟಲು ಸರಿಪಡಿಸಿಕೊಳ್ಳುವುದರೊಳಗೆ ತಾವು ಕೇಳಿದವರಿಗೆಲ್ಲ ವಿಳಾಸ ದಾನ ಮಾಡಿ, ಹೊರಲೋಕದ ಬಾಗಿಲೂ ತಾನೇ, ಹೆಸರು ಬಲ್ಲವನೂ ತಾನೇ ಎಂದು ನಂಬಿಸಿಬಿಡುತ್ತಿದ್ದಿರಿ. ತಮ್ಮ ಹಿಂದೆ ಬಾಗಿಲೇ ಇರಲಿಲ್ಲ, ಗೋಡೆಯಿತ್ತು ಎಂಬುದು ಸಣ್ಣ ವಿಷಯ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಅದೇ ವಾರ ನಮ್ಮಲ್ಲಿಗೆ ಹೊಸ ನಕ್ಷೆಗಾರ್ತಿ ಸೇರಿದ್ದರು. ಮಗಳನ್ನು ಬೆಳೆಸುವುದಕ್ಕೆಂದು ಬಹಳ ವರ್ಷ ಕೆಲಸ ಬಿಟ್ಟಿದ್ದು, ಈಗ ಮರಳಿ ಬಂದು, ಗೆರೆಯೊಂದನ್ನು ಎಳೆಯುವ ಮೊದಲೂ ‘ಸರಿಯಾ?’ ಎಂದು ಅಕ್ಕಪಕ್ಕ ನೋಡುತ್ತಿದ್ದ ಹೆಂಗಸು. ಯಜಮಾನರ ಅಕ್ಕ, ಅಂದರೆ ನಮ್ಮ ಲೆಕ್ಕಪತ್ರ ನೋಡಿಕೊಳ್ಳುವವರು, ತಮ್ಮ ಒಳಕೋಣೆಯಿಂದ ಬಂದು, ಎಲ್ಲರಿಗೂ ಕೇಳುವಂತೆ, “ಅಲ್ಲಾ, ಇವರು ಬರೋವರೆಗೂ ಎಲ್ಲಾ ಸರಿಯಾಗೇ ಇತ್ತಲ್ಲ?” ಎಂದರು. “ಒಂದು ಪೆನ್‌ಡ್ರೈವ್ ಹಾಕಿದ್ದೆ ಮೇಡಂ, ಮಗಳ ಫೋಟೋ ಬಿಟ್ರೆ ಅದ್ರಲ್ಲಿ ಏನೂ ಇಲ್ಲ” ಎಂದು ಆಕೆ ಅನ್ನುವುದಕ್ಕೂ ‘ವೈರಸ್’ ಎಂಬ ಮಾತು ಮೇಜಿನಿಂದ ಮೇಜಿಗೆ ಹಾರುವುದಕ್ಕೂ ಸರಿಹೋಯಿತು. ಯಜಮಾನರು ನನ್ನನ್ನು ಮೆಟ್ಟಿಲ ಬಳಿಗೆ ಕರೆದು, “ನಾಳೆಯಿಂದ ಬರೋದು ಬೇಡ ಅಂತ ನೀವೇ ಸ್ವಲ್ಪ ಸೂಕ್ಷ್ಮವಾಗಿ ಹೇಳ್ಬಿಡಿ ಮಾಮ” ಎಂದರು. ಸಂಜೆಯವರೆಗೆ ಸಮಯ ಕೊಡಿ ಎಂದೆ. ಧೈರ್ಯವೆಂದುಕೊಳ್ಳಬೇಡಿ, ಸೂಕ್ಷ್ಮವಾಗಿ ಹೇಳುವುದು ಹೇಗೆಂದು ತೋಚಲಿಲ್ಲ.

ಹೇಳಲೆಂದೇ ಆಕೆಯ ಮೇಜಿಗೆ ಹೋದವನು ಬಾಯಿ ಬಾರದೆ, ನೆಟ್ಟು ಕೊಡುವ ಕಂಪನಿಯ ಸಹಾಯವಾಣಿಗೆ ಫೋನು ಹಚ್ಚಿದೆ. ಆ ಕಡೆಯ ಹೆಣ್ಣುಮಗಳು ನಮ್ಮ ಕಡೆ ಎಲ್ಲಾ ಸರಿಯಿದೆ ಎಂದು ಸುಪ್ರಭಾತ ಹಾಡಿದ ನಂತರ, “ವೆಬ್‌ಸೈಟ್ ಹೆಸರು ಬಿಟ್ಟು ನಂಬರ್ ಹಾಕಿ ನೋಡಿ ಸಾರ್” ಎಂದಳು. ನಂಬರಿಗೂ ಜಗ್ಗಲಿಲ್ಲ. “ಹಂಗಾದ್ರೆ ಬರೀ ಹೆಸರಿನ ತೊಂದ್ರೆ ಅಲ್ಲ. ನಿಮ್ಮ ಕಂಪ್ಯೂಟರಿಗೆ ಅಡ್ರೆಸ್ ಕೊಟ್ಟವರು ಯಾರು ಅಂತ ನೋಡಿ” ಎಂದಳು. ನಕ್ಷೆಗಾರ್ತಿ ಪರದೆಯ ಮೇಲಿದ್ದುದನ್ನು ಓದಿ, ಎದ್ದು ಹೋಗಿ ಕಪ್ಪು ರೂಟರನ್ನು ಮಗುಚಿ ತಳದ ಚೀಟಿ ನೋಡಿ, ಆ ವಾರದಲ್ಲಿ ಮೊದಲ ಬಾರಿಗೆ ಅಕ್ಕಪಕ್ಕ ನೋಡದೆ ಹೇಳಿದರು: “ಸಾರ್, ಇದರ ನಂಬರೇ ಬೇರೆ, ಅಲ್ಲಿ ಕಾಣೋದೇ ಬೇರೆ. ಇಲ್ಲಿ ಇನ್ನೊಬ್ಬರು ಇದ್ದಾರೆ.”

ಆ ಇನ್ನೊಬ್ಬರು ತಾವು. ಆಕೆ ತಮ್ಮ ನಂಬರನ್ನು ಎಡೆಬಿಡದೆ ಕೂಗಿ ಕರೆಯುವಂತೆ ಕಂಪ್ಯೂಟರಿಗೆ ಹೇಳಿ ಕೂತರು. ತಂತಿಗಳೆಲ್ಲ ಬಂದು ಸೇರುವ ಸ್ವಿಚ್ಚಿನ ಮುಂದೆ ನಾನು ಮಂಡಿಯೂರಿ, ಆಕೆಯದೊಂದನ್ನು ಬಿಟ್ಟು, ಒಂದೊಂದೇ ತಂತಿ ಕಿತ್ತೆ. “ಓಗೊಡ್ತಿದೆ... ಇನ್ನೂ ಓಗೊಡ್ತಿದೆ... ಹಾಂ, ನಿಂತುಹೋಯ್ತು!” ಆಗ ನನ್ನ ಕೈಯಲ್ಲಿದ್ದುದು ಒಳಕೋಣೆಯ ತಂತಿ. ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದೇ ಆ ಕೋಣೆಯ ಅಕ್ಕ. ಅದೊಂದನ್ನು ಬಿಟ್ಟು ಮಿಕ್ಕ ತಂತಿಗಳನ್ನು ಮತ್ತೆ ಸಿಕ್ಕಿಸಿ, ಆರಿಸಿ ಹಚ್ಚಿದೊಡನೆ ನಕ್ಷೆಗಾರ್ತಿಯ ಕಂಪ್ಯೂಟರಿಗೆ ನೆಟ್ಟು ಬಂತು, ಎಲ್ಲರೂ ಸುತ್ತ ಸೇರಿದರು, ಏನಾಗಿತ್ತೆಂದು ಯಜಮಾನರು ಕೇಳಿದರು. ತಂತಿ ಸಡಿಲವಾಗಿತ್ತು ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅದನ್ನಾಡಿದರೆ ವೈರಸ್ಸಿನ ಕಳಂಕ ಆಕೆಗೇ ಉಳಿಯುತ್ತಿತ್ತು, ಆಡದಿದ್ದರೆ ನನಗೆ ನಾಳೆ ಇರುತ್ತಿರಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಅಕ್ಕನವರ ದನಿ: “ಯಾರ್ರೀ ನನ್ನ ಪೆಟ್ಟಿಗೆ ದೀಪ ಆರಿಸಿದ್ದು? ಸಿಗ್ನಲ್ ಬರಲ್ಲ ಅಂತ ಮನೆಯಿಂದ ತಂದು ನಾನೇ ಹಾಕ್ಕೊಂಡಿದ್ದೆ!”

“ಅಕ್ಕಾ, ಅದನ್ನ ಹಾಕಿದ್ದು ಯಾವಾಗ?” ಎಂದರು ಯಜಮಾನರು.

“ಇವರು ಸೇರಿದ್ರಲ್ಲ, ಅವತ್ತೇ.”

“ಅದ್ರಲ್ಲಿ ನಿಂಗೆ ನೆಟ್ಟು ಬರ್ತಿತ್ತಾ?”

“ನೆಟ್ಟು ಬರ್ತಿರಲಿಲ್ಲ. ಸಿಗ್ನಲ್ ಮಾತ್ರ ಫುಲ್ ಇತ್ತು!”

ಯಾರೂ ನಗಲಿಲ್ಲ, ನಗುವನ್ನು ಒಬ್ಬೊಬ್ಬರೂ ಒಂದೊಂದು ಕಡೆ ಬಚ್ಚಿಟ್ಟುಕೊಂಡೆವು. ತಾನು ಹೇಳಿದ್ದು ತನಗೇ ಕೇಳಿಸಿದ ಅಕ್ಕನವರು, ನೆಟ್ಟಗೆ ನಕ್ಷೆಗಾರ್ತಿಯ ಮೇಜಿಗೆ ಬಂದು, “ನಾನು ಹಂಗನ್ನಬಾರದಿತ್ತು ಕಣಮ್ಮ, ತಪ್ಪಾಯ್ತು” ಎಂದರು. ಆಕೆ ಕುಳಿತಲ್ಲಿಂದ ಏಳಲಿಲ್ಲ. “ಆಯ್ತು ಮೇಡಂ. ಇನ್ನು ಮೇಲೆ ಏನಾದ್ರೂ ತರೋದಿದ್ರೆ ಮೊದಲು ನನ್ನ ಕೇಳಿ” ಎಂದರು.

ಕೊನೆಯದಾಗಿ ಎರಡು ಬಿನ್ನಹ. ವಿಳಾಸ ಹಂಚುವುದರಲ್ಲಿ ತಮ್ಮಷ್ಟು ಧಾರಾಳಿಗಳನ್ನು ನಾನು ಕಂಡಿಲ್ಲವಾದ್ದರಿಂದ, ‘ಬಂದೆ, ಇಲ್ಲೇ ಕೆಳಗಿದ್ದೀನಿ’ ಎನ್ನುತ್ತಲೇ ಕಾಣೆಯಾಗುವ ನಮ್ಮ ಪ್ಲಂಬರಿಗೂ ಒಂದು ಕಾಯಂ ವಿಳಾಸ ದಯಪಾಲಿಸಬೇಕು. ಹಾಗೆಯೇ, ಮನೆಯಲ್ಲಿ ನನ್ನ ಹೆಂಡತಿ ಹೆಸರು ಹಿಡಿಯದೆ ‘ಅದು’, ‘ಆ ಇದು’ ಎಂದು ತರಹೇಳುವ ಸಾಮಾನುಗಳು ಯಾವುವೆಂದು ಹುಡುಕಿಕೊಡುವ ಸೇವೆಯನ್ನೂ ಬಿಡುವಿದ್ದಾಗ ಆರಂಭಿಸಬೇಕು. ಉತ್ತರ ತಪ್ಪಾದರೂ ತಮ್ಮಷ್ಟು ಬೇಗ ಬಂದರೆ ಸಾಕು.

ಸರಿಯಾದ ಬಾಗಿಲನ್ನು ಕಂಡುಕೊಂಡ ಬಳಿಕವೂ ತಮ್ಮನ್ನು ಮರೆಯಲಾರದ,

ತಮ್ಮ ವಿಶ್ವಾಸಿ,
ಸರ್ವರ್ ಮಾಮ

ತಾಜಾಕಲಂ: ಅಕ್ಕನವರು ತಮ್ಮನ್ನು ಮನೆಗೊಯ್ದು, ಅಲ್ಲಿರುವ ಹೊಸ ಪೆಟ್ಟಿಗೆಗೂ ಒಂದಿಷ್ಟು ಬಲ ಬರಲೆಂದು ಅದರ ಜೊತೆ ಜೋಡಿಸಿದ್ದಾರೆಂದು ತಿಳಿದು ಸಂತೋಷವಾಯಿತು. ನಿನ್ನೆಯಿಂದ ಆ ಮನೆಯಲ್ಲಿ ಯಾರಿಗೂ ನೆಟ್ಟಿಲ್ಲವಂತೆ. ಮೊನ್ನೆಯಷ್ಟೇ ಬಂದಿಳಿದ ಹೊಸ ಅಳಿಯನ ಲ್ಯಾಪ್‌ಟಾಪಿನ ಮೇಲೆ ಅನುಮಾನವಂತೆ.