ಮಿಂಚುಳ್ಳಿ ಕೊಟ್ಟ ರಜೆ

ಭಾಷಾವೀರನಿಗೆ ಮರುದಿನದಿಂದ ನಾಲ್ಕು ದಿನ ರಜೆ ಬೇಕಿತ್ತು. ಆಫೀಸಿನ ಹಳೆಯ ಪ್ರೋಗ್ರಾಮಿನಲ್ಲಿ ಎಂದೋ ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಹಾಗೆ ಸುಲಭದಲ್ಲಿ ಮುಗಿದರೆ ಅವನ ಮಾನ ಎಲ್ಲಿ ಉಳಿಯಬೇಕು? ತಾನು ಹೊಸದಾಗಿ ಬರೆದದ್ದರಲ್ಲೇ ರಜೆ ಪಡೆಯುತ್ತೇನೆಂದು ಹಠ ಹಿಡಿದ.

ಮಿಂಚುಳ್ಳಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹುಚ್ಚು ಹತ್ತಿದ್ದರಿಂದ ಆಫೀಸಿನವರು ಇಟ್ಟ ಹೆಸರು ಭಾಷಾವೀರ. ಆ ಭಾಷೆ ಬಲ್ಲವರನ್ನೆಲ್ಲ ಒಂದೇ ಬಸ್ಸಿಗೆ ಹತ್ತಿಸಿದರೂ ಕಿಟಕಿ ಸೀಟು ಖಾಲಿ ಉಳಿದಾವು. ಈಚೆಗೆ ಆಫೀಸಿನ ದೊಡ್ಡ ಪ್ರೋಗ್ರಾಮನ್ನು, ಪಾಲಾದ ಕೂಡುಕುಟುಂಬದ ಹಾಗೆ, ಮೈಕ್ರೋಸರ್ವಿಸ್‌ಗಳೆಂಬ ತುಂಡುಗಳನ್ನಾಗಿ ಒಡೆದಿದ್ದರು: ಸಂಬಳಕ್ಕೊಂದು, ಹಾಜರಿಗೊಂದು, ರಜೆಗೊಂದು. ಯಾವ ತುಂಡನ್ನು ಯಾವ ಭಾಷೆಯಲ್ಲಾದರೂ ಬರೆಯಬಹುದಿತ್ತು. ಅಷ್ಟು ಸಂದು ಸಿಕ್ಕಿದ್ದೇ ತಡ, ಇವನು ರಜೆಯ ತುಂಡಿಗೆ ಕೈ ಹಾಕಿದ.

ಬೆಳಗ್ಗೆ ಹೊರಟಾಗ ಹೆಂಡತಿ ಸೂಟ್‌ಕೇಸಿನ ಮೇಲೆ ಕೂತು ಅದರ ಬಾಯಿ ಮುಚ್ಚಿಸುತ್ತಿದ್ದಳು.

“ಸಮುದ್ರ ತೋರಿಸ್ತೀನಿ ಅಂತ ಎರಡು ಸಲ ಕೈ ಕೊಟ್ರಿ. ಈ ಸಲಾನೂ ರಜೆ ಸಿಗಲಿಲ್ಲ ಅಂದ್ರೆ ನಿಮ್ಮ ಬದಲು ಅತ್ತೇನ ಕರ್ಕೊಂಡು ಹೋಗ್ತೀನಿ.”

“ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಸಿಗುತ್ತೆ ಕಣೆ. ಮಿಂಚುಳ್ಳಿ ಅಂದ್ರೆ ಏನಂದ್ಕೊಂಡೆ?”

“ಏನಾದ್ರೂ ಆಗಲಿ. ರೈಲು ನಾಳೆ ಬೆಳಗ್ಗೇನೇ.”

ಮೀಟಿಂಗಿನಲ್ಲಿ ಭಾಷಾವೀರ ಎಲ್ಲರ ತಲೆ ಕೊರೆದ. ಅರ್ಥವಾಗದ್ದಕ್ಕೆಲ್ಲ ತಲೆಯಾಡಿಸಿಯೇ ಕುರ್ಚಿ ಸಂಪಾದಿಸಿದ್ದ ಮ್ಯಾನೇಜರು ತಲೆಯಾಡಿಸಿದರು.

“ಈ ಭಾಷೇಲಿ ತಪ್ಪು ಮಾಡೋಕೇ ಆಗಲ್ಲ ಸಾರ್! ಮಾಡೋಕೆ ಹೋದ್ರೆ ಅದೇ ತಡೆಯುತ್ತೆ.”

“ನಿನ್ನನ್ನ ಯಾಕೆ ತಡೀಲಿಲ್ಲ?” ಎಂದಳು ಪ್ರೋಗ್ರಾಮುಗಳನ್ನು ಪರೀಕ್ಷಿಸುವ ಟೆಸ್ಟರಮ್ಮ. ಅವನು ತನ್ನ ರಜೆ ಕೇಳಲು ಕೀಬೋರ್ಡಿಗೆ ಬೆರಳು ಚಾಚಿದಾಗ ಅವನ ಕೈ ಸರಿಸಿದಳು. “ನಿಂದು ಕೊನೇಲಿ. ಬರೆದೋನಿಗೆ ಎಲ್ಲಾ ಸರಿಯಾಗೇ ಕಾಣುತ್ತೆ. ಮೊದ್ಲು ನಾವು ನೋಡ್ತೀವಿ.”

ತನಗೆ ನಾಳೆಯಿಂದಲೇ ಒಂದು ವಾರ ರಜೆ ಕೇಳಿದಳು. ಬೆರಳು ತೆಗೆಯುವ ಮೊದಲೇ ಮಂಜೂರು. ಆಕಳಿಸುತ್ತಿದ್ದ ಲೆಕ್ಕಿಗ ಎಚ್ಚೆತ್ತು ಎರಡು ವಾರ ಕೇಳಿದ. ಅದೂ ಮಂಜೂರು. ನಿನ್ನೆಯವರೆಗೆ ಮಿಂಚುಳ್ಳಿಯ ಹೆಸರೆತ್ತಿದರೆ ಮೂಗು ಮುರಿಯುತ್ತಿದ್ದವರೆಲ್ಲ ಈಗ ಸಾಲು ನಿಂತರು. ಇಂಥವರ ತಂತ್ರಜ್ಞಾನಪ್ರೇಮ ಇಷ್ಟೇ.

“ಎಂಥಾ ಭಾಷೆ ಕಣಯ್ಯ!” ಎಂದ ಲೆಕ್ಕಿಗ.

ಮ್ಯಾನೇಜರು ಪರೀಕ್ಷಾರ್ಥವೆಂದು ಒಂದು ತಿಂಗಳು ಕೇಳಿ, ಸಿಕ್ಕಿದ್ದು ಕಂಡು ಗಂಟಲು ಸರಿಮಾಡಿಕೊಂಡರು. “ಇನ್ಮೇಲೆ ನಮ್ಮಲ್ಲಿ ಎಲ್ಲಾ ಮಿಂಚುಳ್ಳೀಲೇ!”

ಭಾಷಾವೀರ ಉಬ್ಬಿಹೋದ. ಎಲ್ಲರಿಗೂ ಭಾಷೆಯ ಹಿರಿಮೆ ವಿವರಿಸುವುದರಲ್ಲೇ ಮಧ್ಯಾಹ್ನ ಕಳೆಯಿತು. ತನ್ನ ರಜೆ ಎಲ್ಲಿಗೆ ಹೋದೀತು?

ಸಂಜೆ ಹೆಡ್ ಆಫೀಸಿನಿಂದ ಫೋನು ಬಂತು: “ನಾಳೆ ನಿಮ್ಮಲ್ಲಿ ಯಾರಿರ್ತಾರೆ?”

ಮ್ಯಾನೇಜರ ಮುಖ ಸಪ್ಪಗಾಯಿತು. ಭಾಷಾವೀರ ತಾನು ಬರೆದದ್ದನ್ನು ತೆರೆದು ನೋಡಿ ಬೆವತುಹೋದ. ಆಫೀಸಿನಲ್ಲಿ ಒಬ್ಬರಾದರೂ ಉಳಿಯಬೇಕೆಂಬ ನಿಯಮವಿತ್ತು. ರಜೆ ಕೊಡುವ ಮುನ್ನ ಪ್ರೋಗ್ರಾಮು ಅದನ್ನು ನೋಡಬೇಕು. ವೇಗ ಅಳೆಯುವಾಗ ಅಡ್ಡಿಯಾಗುತ್ತದೆಂದು ಆ ತಪಾಸಣೆಯನ್ನು ಇವನೇ ಆಫ್ ಮಾಡಿಟ್ಟು, ಮರೆತಿದ್ದ. ತಪ್ಪು ತಡೆಯುವ ಭಾಷೆಗೆ ಮರೆವು ತಡೆಯಲಾಗಲಿಲ್ಲ.

“ಕೊಟ್ಟ ರಜೆ ವಾಪಸ್ ತಗೊಳ್ಳೋ ಹಾಗಿಲ್ಲ,” ಎಂದರು ಮ್ಯಾನೇಜರು, ತಮ್ಮ ಒಂದು ತಿಂಗಳನ್ನು ನೆನೆದು. “ಮೊದ್ಲು ಅದನ್ನ ಸರಿಮಾಡು. ನನ್ನ ಕಣ್ಣೆದುರೇ.”

ಅವರು ಬೆನ್ನ ಹಿಂದೆಯೇ ನಿಂತಿದ್ದರಿಂದ ಅದಕ್ಕೂ ಮುಂಚೆ ತನ್ನ ರಜೆ ಕೇಳಿಕೊಳ್ಳುವಂತಿರಲಿಲ್ಲ. ಸರಿಮಾಡಿದ. ಅವರು ಬ್ಯಾಗು ಹೆಗಲಿಗೇರಿಸಿ ಹೊರಟರು. ಖಾಲಿ ಕುರ್ಚಿಗಳ ನಡುವೆ ಭಾಷಾವೀರ ತನ್ನ ನಾಲ್ಕು ದಿನಗಳನ್ನು ಕೇಳಿದ. ಮಿಂಚುಳ್ಳಿ ಮೊದಲ ಬಾರಿಗೆ ತಪ್ಪಿಲ್ಲದೆ ಕೆಲಸ ಮಾಡಿತು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಉತ್ತರ ಬಂತು:

‘ರಜೆ ಇಲ್ಲ. ಆಫೀಸಿನಲ್ಲಿ ಉಳಿದಿರುವವರು ನೀವೊಬ್ಬರೇ.’

ಅಷ್ಟರಲ್ಲಿ ಹೆಂಡತಿಯ ಫೋನು. “ಸಿಕ್ತಾ?”

“ಉತ್ತರ ಮಾತ್ರ ಬಹಳ ಬೇಗ ಬಂತು ಕಣೆ...”

ಆ ಕಡೆ ಸೂಟ್‌ಕೇಸಿನ ಬಾಯಿ ತೆರೆದ ಸದ್ದಾಯಿತು. ಆಮೇಲೆ ಹಿಂದಿನಿಂದ ಅವನ ತಾಯಿಯ ದನಿ ಕೇಳಿಸಿತು:

“ಅವನ ಬಟ್ಟೆ ತೆಗೆದಾಯ್ತು ಕಣಮ್ಮ, ನನ್ನ ಸೀರೆ ಎಲ್ಲಾ ಹಿಡೀತು!”