ಬೂಚು ಕಿತ್ತ ಸದ್ದು

ಧೃತಿಯ ಪಾಲಿಗೆ ‘ಕ್ಲಂಕ್’ ಎಂಬ ಪದ ಬಾರದೇ ಹೋಗಿದ್ದರೆ ಅವಳಪ್ಪ ಶ್ಯಾಮನ ಮಾನ ಉಳಿಯುತ್ತಿತ್ತು. ಸದ್ದಿನ ಅನುಕರಣೆಯಿಂದ ಹುಟ್ಟಿದ ಇಂಗ್ಲಿಷ್ ಪದಗಳನ್ನು ಟೀಚರ್ ಚೀಟಿ ಎತ್ತಿಸಿ ಹಂಚಿದ್ದರು. ಅರ್ಥ, ಮೂಲ ಬರೆಯಬೇಕು. ಮೂಲ ಸದ್ದನ್ನು ಕ್ಯಾಸೆಟ್ಟಿನಲ್ಲಿ ಹಿಡಿದು ಸೋಮವಾರ ಕೇಳಿಸಬೇಕು. ಆಗ ೧೯೯೯.

ಶನಿವಾರ ಬೆಳಿಗ್ಗೆ ಅಮೆರಿಕದ ವೆಸ್ಟ್‌ಮಂಟಿನ ಮನೆಯಲ್ಲಿ ಅಪ್ಪ ಮಗಳು ಲೈಬ್ರರಿಯ ದಪ್ಪ ನಿಘಂಟು ಬಿಚ್ಚಿದರು. ಎರಡು ಭಾರದ ವಸ್ತುಗಳು ತಾಗಿದ ಮಂದ ಸದ್ದು ಎಂದು ಈಗಿನ ಅರ್ಥ. ಇನ್ನೂರು ವರ್ಷದ ಹಿಂದೆ ಸ್ಕಾಟ್ಲೆಂಡಿನವರು ಸೀಸೆಯ ಬೂಚು ಕಿತ್ತ ಸದ್ದಿಗೆ ಹಾಗೆನ್ನುತ್ತಿದ್ದರಂತೆ.

ಶ್ಯಾಮ ಅಲ್ಲೇ ಕರಗಿಹೋದ. ಅವನ ಚಿಕ್ಕಂದಿನಲ್ಲಿ ಮೈಸೂರಿನ ಧರ್ಮಾಸ್ಪತ್ರೆಯಲ್ಲಿ ಕಾಂಪೌಂಡರು ಕೆಂಪು ಮಿಕ್ಸ್ಚರಿನ ಸೀಸೆಗೆ ಬೂಚು ಒತ್ತಿ ಕೊಡುತ್ತಿದ್ದರು. ಜ್ವರ ಬಂದಾಗ ಅಮ್ಮ ದಿಂಬಿನ ಪಕ್ಕ ಕೂತು ಅದನ್ನು ಕೀಳುವಾಗ ‘ಬುಡುಕ್’ ಎನ್ನುತ್ತಿತ್ತು. ಅಮ್ಮ ಹೋಗಿ ಎಂಟು ವರ್ಷವಾಗಿತ್ತು. ತನ್ನ ಯಾವ ಹಳೇ ಕತೆಗೂ ಕಿವಿಗೊಡದ ಮಗಳಿಗೆ ಆ ಒಂದು ಸದ್ದನ್ನಾದರೂ ಕೇಳಿಸಬೇಕೆಂದು ಅವನ ಜೀವ ಹಪಹಪಿಸಿತು.

"ಬೂಚಿನ ಸೀಸೆ ತಂದೇ ತರ್ತೀನಿ" ಎಂದ.

"ಇಲ್ಲಿ ಬೂಚಿರೋದು ವೈನ್ ಸೀಸೇಲಿ ಕಣ್ರೀ. ಸಾಯಂಕಾಲ ಕೇಶವ್ ಮನೇಲಿ ಸತ್ಯನಾರಾಯಣ ಪೂಜೆ ಮಾಡಿಸೋರು ನೀವು" ಎಂದಳು ಹೆಂಡತಿ ಪದ್ಮ.

ಶ್ಯಾಮ ಹೊಟ್ಟೆಪಾಡಿಗೆ ಎಂಜಿನಿಯರ್, ಮಂತ್ರ ಬಲ್ಲವನಾದ್ದರಿಂದ ವಾರಾಂತ್ಯಕ್ಕೆ ಪುರೋಹಿತ. ವೈನ್ ಸೀಸೆ ಮುಟ್ಟಿದವನೇ ಅಲ್ಲ. ಅಂಗಡಿಯಲ್ಲಿ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಎಲ್ಲಕ್ಕಿಂತ ಅಗ್ಗದ ಸೀಸೆ ಎತ್ತಿ, ಮೇಲೆ ಕೊತ್ತಂಬರಿ ಕಟ್ಟು ಮುಚ್ಚಿದ. ಕಟ್ಟು ಸಣ್ಣದಾಯಿತು.

"ಏನ್ರೀ ಶ್ಯಾಮ್ ಭಾಯಿ, ಇದೂ ಪೂಜಾ ಸಾಮಾನೇನು?" ಕೇಳಿದವರು ಕೇಶವನ ಪಕ್ಕದ ಮನೆಯ ಗುಲ್‌ಶನ್, ಹುಬ್ಬಳ್ಳಿಯವರು.

"ಇದು... ಮಗಳ ಹೋಮ್‌ವರ್ಕಿಗೆ."

"ಹತ್ತು ವರ್ಷದ ಹುಡುಗಿ ಮ್ಯಾಲೆ ಯಾಕ ಹಾಕ್ತೀರಿ? ನಾ ಯಾರಿಗೂ ಹೇಳಂಗಿಲ್ಲ ಬಿಡ್ರಿ."

ಹಾಗೆಂದರೆ ಊರಿಗೆಲ್ಲ ಗೊತ್ತಾಯಿತೆಂದೇ ಲೆಕ್ಕ. ಇರಲಿ, ಸದ್ದೊಂದು ಸಿಕ್ಕರೆ ಸಾಕೆಂದು ಶ್ಯಾಮ ಮನೆಗೆ ಬಂದ. ಧೃತಿ ಟೇಪ್ ರೆಕಾರ್ಡರ್ ಒತ್ತಿದಳು. ಅಗ್ಗದ ವೈನಿಗೆ ಬೂಚಿರುವುದಿಲ್ಲ, ತಿರುಗಿಸುವ ತಗಡಿನ ಮುಚ್ಚಳವಿರುತ್ತದೆ ಎಂಬುದು ಅವನಿಗೆ ತಿಳಿದದ್ದು ಆಗಲೇ. ಮುಚ್ಚಳ ಕರಕರ ಎಂದು ಸುಮ್ಮನಾಯಿತು. ಮಗಳು ಅಪ್ಪನ ಮುಖ ನೋಡಿ ರೂಮಿಗೆ ಹೋದಳು.

ಅಷ್ಟರಲ್ಲಿ ಕೇಶವನ ಫೋನ್ ಬಂತು. ಪೂಜೆ ಕೈತಪ್ಪಿತೆಂದೇ ಶ್ಯಾಮ ತಿಳಿದ.

"ಗುಲ್‌ಶನ್ ಹೇಳಿದ್ರು. ಇಷ್ಟು ವರ್ಷ ನಿಮಗೆ ಹೆದರಿ ನಾವೆಲ್ಲ ಕದ್ದು ಕುಡೀತಿದ್ವಲ್ಲ ಮಾರಾಯ್ರೇ! ಒಳ್ಳೇ ವೈನ್ ತಂದಿದ್ದೀನಿ, ಪೂಜೆ ಮುಗಿಸಿ ಬೇಸ್‌ಮೆಂಟಿಗೆ ಬನ್ನಿ."

ಬೇರೆ ದಿನವಾಗಿದ್ದರೆ ಶ್ಯಾಮ ಉರಿದು ಬೀಳುತ್ತಿದ್ದ. ಈಗ ಕೇಳಿದ್ದು ಒಂದೇ ಮಾತು: "ಅದಕ್ಕೆ ಬೂಚಿದೆಯಾ?"

"ಇಲ್ಲದೆ ಏನು?"

ಮಗಳಿಗೆ ಅಚ್ಚರಿಯಾಗಲೆಂದು ಬಾಯಿಬಿಡದೆ, ಟೇಪ್ ರೆಕಾರ್ಡರನ್ನು ಪೂಜೆಯ ಚೀಲಕ್ಕೆ ಸೇರಿಸಿದ. ಆ ಸಂಜೆ ಸತ್ಯನಾರಾಯಣನ ಐದೂ ಅಧ್ಯಾಯಗಳು ಹೈವೇ ವೇಗದಲ್ಲಿ ಓಡಿದವು. ಮಂಗಳಾರತಿಯಾದದ್ದೇ ತಡ, ಸಜ್ಜಿಗೆಯ ಪ್ರಸಾದವನ್ನು ಒಂದೇ ತುತ್ತಿಗೆ ನುಂಗಿ, ಮಡಿಪಂಚೆಯಲ್ಲೇ ಮಗಳ ಕೈಹಿಡಿದು ಬೇಸ್‌ಮೆಂಟಿಗೆ ಇಳಿದ. ರೆಕಾರ್ಡರ್ ಒತ್ತಿದ. ಕೇಶವ್ ಸೀಸೆಯನ್ನು ತೊಡೆಗಳ ನಡುವೆ ಇರುಕಿಸಿಕೊಂಡು ಎಳೆದ.

ಬುಡುಕ್.

ಅದೇ ಸದ್ದು. ಹಣೆಯ ಮೇಲಿನ ಒದ್ದೆ ಬಟ್ಟೆ, ಅಮ್ಮನ ಗಾಜಿನ ಬಳೆ, ಮಿಕ್ಸ್ಚರಿನ ಕಹಿ ಎಲ್ಲ ಒಟ್ಟಿಗೆ ಬಂದು ಶ್ಯಾಮನ ಕಣ್ಣು ತುಂಬಿತು. "ಕೇಳ್ತಾ ಪುಟ್ಟಿ? ನಿಮ್ಮಜ್ಜಿ..."

"ಸಾರಿ, ಡ್ಯಾಡ್" ಎಂದಳು ಧೃತಿ. "ಯೂ ಲುಕ್ಡ್ ಸೋ ಸ್ಯಾಡ್." ಅಪ್ಪನ ಸಪ್ಪೆ ಮುಖ ನೋಡಲಾರದೆ ಅವಳು ಮಧ್ಯಾಹ್ನವೇ ಕ್ಲಾಸಿನ ಸಾಕೇತನಿಗೆ ಫೋನ್ ಮಾಡಿ ಪದ ಬದಲಾಯಿಸಿಕೊಂಡಿದ್ದಳು. ಈಗ ಅವಳದು ‘ಹಿಕಪ್’, ಅಂದರೆ ಬಿಕ್ಕಳಿಕೆ.

ಶ್ಯಾಮ ಏನೋ ಹೇಳಲು ಬಾಯಿ ತೆರೆದ. ಗಂಟಲಲ್ಲಿ ನಿಂತಿದ್ದ ಸಜ್ಜಿಗೆ, ಒತ್ತಿಬಂದ ಅಳು ಎರಡೂ ಸೇರಿ ಮಾತಿನ ಬದಲು ‘ಬಿಕ್’ ಎಂದಿತು. ಮತ್ತೊಮ್ಮೆ ‘ಬಿಕ್’.

"ಪರ್ಫೆಕ್ಟ್, ಡ್ಯಾಡ್" ಎಂದು ಧೃತಿ ರೆಕಾರ್ಡರ್ ನಿಲ್ಲಿಸಿದಳು.

ಸೋಮವಾರ ಇಡೀ ಕ್ಲಾಸು ಆ ಕ್ಯಾಸೆಟ್ ಕೇಳಿತು. ಮೊದಲು ಬೂಚು ಕಿತ್ತ ಸದ್ದು, ಆಮೇಲೆ ಗದ್ಗದ ಕಂಠದಲ್ಲಿ ಅರ್ಥವಾಗದ ಭಾಷೆಯ ನಾಲ್ಕು ಮಾತು, ಮಗಳ ‘ಸಾರಿ, ಡ್ಯಾಡ್’, ಕೊನೆಗೆ ಬಿಕ್ಕಳಿಕೆ. ಧೃತಿಗೆ ಎ ಗ್ರೇಡ್ ಬಂತು. ಜೊತೆಗೆ ಶ್ಯಾಮನ ಹೆಸರಿಗೆ ಸ್ಕೂಲಿನಿಂದ ಒಂದು ಲಕೋಟೆಯೂ ಬಂತು: ಕುಡಿತ ಬಿಡಲು ಬಯಸುವ ತಂದೆಯರ ಸಭೆ ಪ್ರತಿ ಗುರುವಾರ ಸಂಜೆ ನಡೆಯುತ್ತದೆ, ದಯವಿಟ್ಟು ಸಂಕೋಚಪಡದೆ ಬನ್ನಿ.